ಪಕ್ಕದ ಮನೆ ಬಂದೂಕಿಗೆ ಸ್ಕೋಪು ಆರಿಸಿದ್ದು

ನನಗೆ ಗೊತ್ತಿಲ್ಲದ ವಿಷಯದಲ್ಲೇ ನನ್ನನ್ನು ಪಂಡಿತನೆಂದು ನಂಬುವ ಜನ, ಎಲ್ಲಿ ಹೋದರೂ ನನಗೆ ಗಂಟು ಬೀಳುತ್ತಾರೆ. ಮೈಸೂರಿನಲ್ಲಿದ್ದಾಗ ಹಸು ಕೊಳ್ಳುವವರು ಕರೆದುಕೊಂಡು ಹೋಗುತ್ತಿದ್ದರು. ಟೆಕ್ಸಾಸಿನ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿಗೆ ಬಂದು, ಚಿಪ್ ಕಂಪನಿಯಲ್ಲಿ ಮಸೂರಗಳ ಜೊತೆ ಏಗಿ ನಿವೃತ್ತನಾದ ಮೇಲೆ ಬಂದೂಕಿನವರು ಹಿಡಿದುಕೊಂಡರು. ನಾನೋ, ಕೇಕಿನಲ್ಲಿ ಮೊಟ್ಟೆ ಇಲ್ಲ ತಾನೇ ಎಂದು ಎರಡು ಸಲ ವಿಚಾರಿಸಿ ತಿನ್ನುವ ಮನುಷ್ಯ!

ಬಂದೂಕಿನವರು ಅಂದರೆ ನಮ್ಮ ಪಕ್ಕದ ಮನೆಯ ಯಜಮಾನರು. ನನ್ನ ವಾರಿಗೆಯವರು, ಹುಟ್ಟಾ ಟೆಕ್ಸಾಸಿನವರು. ಅವರ ಇಂಗ್ಲಿಷನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಬರೆದಿದ್ದೇನೆ. ಆ ಕಡೆಯ ರಾಗ ನೀವೇ ಸೇರಿಸಿಕೊಂಡು ಓದಿ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಟರ್ಕಿ ಕೋಳಿ ಇಲ್ಲದಿದ್ದರೆ ಇಲ್ಲಿಯವರಿಗೆ, ನಮಗೆ ಯುಗಾದಿಗೆ ಹೋಳಿಗೆ ಇಲ್ಲದ ಹಾಗೆ. ನಮ್ಮ ಯಜಮಾನರು ಮೊದಲೆಲ್ಲ ತಾವೇ ಕಾಡುಕೋಳಿ ಹೊಡೆದು ತರುತ್ತಿದ್ದವರು. ಈಚೆಗೆ ಕಣ್ಣು ಮಂಜಾಗಿ, ಬಂದೂಕಿನ ತುದಿಯೇ ಕಾಣದೆ, ವರ್ಷವರ್ಷವೂ ಗುರಿ ತಪ್ಪುತ್ತಿತ್ತು. ಅವರ ಹೆಂಡತಿಯ ತಮ್ಮ ಹ್ಯೂಸ್ಟನ್ನಿನಲ್ಲಿದ್ದಾನೆ. ಭಾವಮೈದ ಅನ್ನುವ ಜೀವಿ ಎಲ್ಲ ದೇಶದಲ್ಲೂ ಒಂದೇ ನೋಡಿ. ಅವನು ಪ್ರತಿ ಹಬ್ಬಕ್ಕೂ ಅಂಗಡಿಯ ಕೋಳಿ ತಂದು, ಭಾವನ ಮುಂದೆಯೇ ಇಟ್ಟು, "ಇದು ಓಡಲ್ಲ ಭಾವ, ಧೈರ್ಯವಾಗಿ ಕುಯ್ಯಿರಿ" ಅನ್ನುತ್ತಿದ್ದ.

ಹೋದ ವರ್ಷದ ಹಬ್ಬದಲ್ಲಿ ನಾವೂ ಮೊಸರನ್ನದ ಡಬ್ಬಿಯೊಂದಿಗೆ ಆ ಮೇಜಿನಲ್ಲಿದ್ದೆವು. ಯಜಮಾನರಿಗೆ ರೇಗಿತು. "ಬರೋ ವರ್ಷ ಈ ಮೇಜಿನ ಮೇಲೆ ನಾನು ಹೊಡೆದದ್ದು ಇರುತ್ತೆ. ಇಲ್ಲದಿದ್ರೆ ನಮ್ಮಪ್ಪನ ಬಂದೂಕು ನಿನ್ನದು!" ಅಂದುಬಿಟ್ಟರು. ಅಂದ ಮೇಲೆ ಅವರ ಮುಖ ಸಪ್ಪಗಾಯಿತು. ಮೆಲ್ಲಗೆ ನನ್ನ ಕಡೆ ತಿರುಗಿ, "ನೀವು ಗಾಜಿನ ಇಂಜಿನಿಯರು ಅಲ್ವಾ? ಬಂದೂಕಿನ ಮೇಲೆ ಕೂರಿಸೋ ದುರ್ಬೀನು, ಅಗ್ಗದ್ದು, ಗಟ್ಟಿಯಾದದ್ದು, ಒಂದು ಸ್ಕೋಪು ಆರಿಸಿಕೊಡಿ" ಅಂದರು. ಇಲ್ಲ ಎನ್ನುವುದನ್ನು ನಮ್ಮಪ್ಪ ನನಗೆ ಕಲಿಸಿಲ್ಲ.

ಅರ್ಧಚಂದ್ರ

ನಾನು ಓದಿ, ವಿಚಾರಿಸಿ, ತೂಗಿ ನೋಡುವಷ್ಟು ತಾಳ್ಮೆ ಯಜಮಾನರಿಗಿರಲಿಲ್ಲ. ಗ್ಯಾರೇಜಿನಲ್ಲಿ ಯಾವುದೋ ಆಟದ ಏರ್‌ಗನ್ನಿನ ಸ್ಕೋಪು ಬಿದ್ದಿತ್ತಂತೆ. ಅದನ್ನೇ ಅಪ್ಪನ ಬಂದೂಕಿಗೆ ಬಿಗಿದುಕೊಂಡು ಬಯಲಿಗೆ ಹೋದರು.

ಈ ಜಾತಿಯ ಬಂದೂಕು ಒಂದೇ ಗುಂಡು ಹಾರಿಸುವುದಿಲ್ಲ. ಮೆಣಸಿನ ಕಾಳಿನಂಥ ಚರೆಗಳನ್ನು ಹಿಡಿಗಟ್ಟಲೆ ಉಗುಳುತ್ತದೆ, ಉಗುಳಿದ್ದಕ್ಕೆ ಸರಿಯಾಗಿ ಹಿಂದಕ್ಕೆ ಕತ್ತೆಯ ಹಾಗೆ ಒದೆಯುತ್ತದೆ. ಆದ್ದರಿಂದ ಅದರ ಸ್ಕೋಪು, ಕಣ್ಣನ್ನು ನಾಲ್ಕು ಬೆರಳು ದೂರ ಇಟ್ಟರೂ ಚೆನ್ನಾಗಿ ಕಾಣಿಸುವಂಥದ್ದಾಗಿರಬೇಕು. ಏರ್‌ಗನ್ನಿನದು ಕಣ್ಣಿಗೆ ಅಂಟಿಕೊಂಡರೆ ಮಾತ್ರ ಕಾಣುವಂಥದ್ದು. ಯಜಮಾನರು ಅಂಟಿಕೊಂಡರು. ಬಂದೂಕು ಒದೆಯಿತು.

ಸಂಜೆ ಬೇಲಿಯಾಚೆ ಕಂಡಾಗ ಹುಬ್ಬುಗಳ ನಡುವೆ ಕೆಂಪಗೆ, ಅಚ್ಚುಕಟ್ಟಾಗಿ, ಒಂದು ಅರ್ಧಚಂದ್ರ ಮೂಡಿತ್ತು. ಸ್ಕೋಪಿನೊಳಗಿನ ಗಾಜು ಸಡಿಲವಾಗಿ ಗೆಜ್ಜೆಯ ಹಾಗೆ ಸದ್ದು ಮಾಡುತ್ತಿತ್ತು. "ಈಗ ಗೊತ್ತಾಯ್ತು, ಕಣ್ಣಿಂದ ದೂರ, ಒದೆತಕ್ಕೆ ಜಗ್ಗದ್ದು ಬೇಕು" ಅಂದರು ಪಾಪ.

ಒಳಗಿನಿಂದ ನೋಡುತ್ತಿದ್ದ ನನ್ನಾಕೆ ಸಂಭ್ರಮದಿಂದ ಕೇಳಿದಳು: "ರೀ, ಯಾವ ದೇವಸ್ಥಾನಕ್ಕೆ ಹೋಗಿದ್ರಂತೆ ಅವ್ರು? ತಿಲಕ ಎಷ್ಟು ಚೆನ್ನಾಗಿ ಒಪ್ಪಿದೆ!"

ಹಿಂದೆ ತಿರುಗಿ ನೋಡಬಾರದು

ಮಗಳಿರುವುದು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ. ಬೇಸಿಗೆಯಲ್ಲಿ ಅವಳ ಮನೆಗೆ ಹೋದಾಗ, ಡಲ್ಲಾಸಿನಲ್ಲಿ ಬಂದೂಕಿನ ಮೇಳ ಇದೆ ಎಂದು ತಿಳಿಯಿತು. ಚೌಕಾಸಿ ಮಾಡಲು ನನ್ನಾಕೆಯನ್ನೂ ಕರೆದುಕೊಂಡು ಹೋದೆ. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಅವಳನ್ನು ಕಂಡರೆ ಹೂವಿನವರು ಬುಟ್ಟಿ ಮುಚ್ಚುತ್ತಿದ್ದರು, ಅಂಥ ಕೀರ್ತಿ.

ಒಂದು ಮೇಜಿನಲ್ಲಿ ನಮಗೆ ಬೇಕಾದದ್ದೇ ಸಿಕ್ಕಿತು. ಹತ್ತಿರದ ಗುರಿಗೆ ಬೇಕಾದಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ, ಕಣ್ಣಿಗೆ ದೂರ, ಕೊಳವೆ ದಪ್ಪ, ನೀರು ಹೋಗದ ಹಾಗೆ ಬಿಗಿ. ನೂರಿಪ್ಪತ್ತು ಡಾಲರ್ ಅಂದ ವ್ಯಾಪಾರಿ. ಗಡ್ಡ ಎದೆಯವರೆಗಿತ್ತು.

"ಅರವತ್ತು" ಅಂದಳು ನನ್ನಾಕೆ.

ಅವನು ನಕ್ಕ. "ಅಮ್ಮಾ, ನೂರಿಪ್ಪತ್ತು."

"ಹಾಗಾದ್ರೆ ಬೇಡ ಬಿಡಿ" ಎಂದು ನನ್ನ ತೋಳು ಹಿಡಿದು ಹೊರಟೇಬಿಟ್ಟಳು. "ಹಿಂದೆ ತಿರುಗಿ ನೋಡ್ಬೇಡಿ. ನಿಧಾನವಾಗಿ ನಡೀರಿ. ಕರೀತಾನೆ."

ನಡೆದೆವು. ಚಾಕುಗಳ ಮೇಜು ದಾಟಿತು. ಟೋಪಿಗಳ ಮೇಜು ದಾಟಿತು. ಕರೆಯಲಿಲ್ಲ. "ಇನ್ನೂ ನಿಧಾನ" ಅಂದಳು. ಬಾಗಿಲು ಎದುರಿಗೇ ಬಂತು. ಆ ಸ್ಕೋಪನ್ನು ಬೇರೆ ಯಾರಾದರೂ ಕೊಂಡುಕೊಂಡರೆ ಯಜಮಾನರಿಗೆ ಏನು ಹೇಳಲಿ?

ಆಗ ಹಿಂದಿನಿಂದ ಜೋರಾಗಿ, "ಅಮ್ಮಾ! ಅಮ್ಮಾ, ನಿಂತ್ಕೊಳ್ಳಿ!"

ನನ್ನಾಕೆ ನನ್ನ ಕಡೆ ನೋಡಿದ ನೋಟವಿದೆಯಲ್ಲ, ಮದುವೆಯಾದ ಇಷ್ಟು ವರ್ಷಗಳಲ್ಲಿ ಅಷ್ಟು ಹೆಮ್ಮೆ ನಾನು ಕಂಡಿಲ್ಲ. ಮೆಲ್ಲಗೆ, ರಾಣಿಯ ಹಾಗೆ ತಿರುಗಿದಳು.

ಗಡ್ಡದವನು ಏದುಸಿರು ಬಿಡುತ್ತ ಕೈ ಚಾಚಿದ: "ನಿಮ್ಮ ಕೊಡೆ ಬಿಟ್ಟುಹೋಗಿದ್ರಿ."

ನೂರಿಪ್ಪತ್ತು ಕೊಟ್ಟೇ ತಂದೆವು.

ಐದು ನಕ್ಷತ್ರ

ಕೊಂಡ ಮೇಲೆ ಪರೀಕ್ಷೆ. ಒಳಗೆ ನೀರು ಹೋಗದ ಸ್ಕೋಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳಬಾರದು. ಗುಳ್ಳೆ ಎದ್ದರೆ ಚಳಿಗಾಲದ ಬೆಳಗಿನಲ್ಲಿ ಗಾಜು ಒಳಗಿನಿಂದ ಮಂಜಾಗುತ್ತದೆ, ಕೋಳಿ ಕಾಣುವುದಿಲ್ಲ. ಹಿಡಿಸುವಷ್ಟು ಅಗಲದ ಪಾತ್ರೆ ಮನೆಯಲ್ಲಿದ್ದದ್ದು ಇಡ್ಲಿ ಅಟ್ಟ ಒಂದೇ. ಬೆಚ್ಚನೆಯ ನೀರು ಹಾಕಿ, ತಳದಲ್ಲಿ ಸ್ಕೋಪು ಮಲಗಿಸಿದೆ. ಒಂದು ಗುಳ್ಳೆಯೂ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಮುಚ್ಚಳ ಮುಚ್ಚಿ ಗಿಡಕ್ಕೆ ನೀರು ಹಾಕಲು ಹೋದೆ.

ಬಂದಾಗ ಒಲೆ ಉರಿಯುತ್ತಿತ್ತು. "ನೀರಿಟ್ಟಿದ್ರಲ್ಲ, ಇವತ್ತೊಂದು ದಿನ ಬುದ್ಧಿ ಬಂತು ಅಂದ್ಕೊಂಡೆ. ಅದ್ರ ಮೇಲೇ ತಟ್ಟೆ ಇಟ್ಟೆ" ಅಂದಳು ನನ್ನಾಕೆ.

"ತಳದಲ್ಲಿ ಸ್ಕೋಪಿದೆ ಕಣೇ!"

ಮುಚ್ಚಳ ತೆಗೆದು, ತಟ್ಟೆ ಎತ್ತಿ, ಇಣುಕಿದಳು. "ಬದನೆಕಾಯಿ ಥರ ಬೆಂದಿದೆ" ಅಂದಳು. ಇಕ್ಕಳದಲ್ಲಿ ಎತ್ತಿದೆ, ಒರೆಸಿದೆ, ಆರಿದ ಮೇಲೆ ಕಿಟಕಿಯಿಂದ ನೋಡಿದೆ. ಎದುರುಮನೆ ಅಂಚೆಪೆಟ್ಟಿಗೆಯ ಮೇಲಿನ ಇರುವೆಸಾಲೂ ಲಕಲಕ!

ಯಜಮಾನರಿಗೆ ಹೇಳಿದಾಗ ಕುಣಿದುಬಿಟ್ಟರು. ಅಂದೇ ಇಂಟರ್‌ನೆಟ್ಟಿನಲ್ಲಿ ಐದು ನಕ್ಷತ್ರ ಕೊಟ್ಟು, "ಅಗ್ಗ, ಬಲು ಗಟ್ಟಿ. ಇಡ್ಲಿಯ ಜೊತೆ ಪೂರ್ತಿ ಹೊತ್ತು ಇದ್ದೂ ಏನೂ ಆಗಿಲ್ಲ" ಎಂದು ಬರೆದರು.

ಎರಡು ದಿನದಲ್ಲಿ ಕೆಳಗೆ ಯಾರೋ ಪ್ರಶ್ನೆ ಹಾಕಿದ್ದರು: "ಈ ಇಡ್ಲಿ ಟೆಕ್ಸಾಸಿನಲ್ಲಿ ಯಾವ ತಿಂಗಳಲ್ಲಿ ಸಿಗುತ್ತದೆ? ಹೊಡೆಯಲು ಬೇರೆ ಲೈಸೆನ್ಸು ಬೇಕೇ?"

ಮುಸ್ಸಂಜೆಯ ಪುಳಿಯೋಗರೆ

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಕೋಳಿಗಳು ಹೊರಡುವುದು ಬೆಳಕು ಹರಿಯುವ ಮುನ್ನ; ಅಗ್ಗದ ಸ್ಕೋಪು ಮಬ್ಬಿನಲ್ಲಿ ಕೈಕೊಡುತ್ತದೆ. ಆ ವಾರ ನಾವು ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ದೇವಸ್ಥಾನಕ್ಕೆ ಹೋಗಿದ್ದೆವು. ನನ್ನಾಕೆ ಪ್ರದಕ್ಷಿಣೆಯಲ್ಲಿದ್ದಳು. ಹೊತ್ತು ಮುಳುಗುತ್ತಿತ್ತು. ಸ್ಕೋಪು ಕಾರಿನಲ್ಲೇ ಇತ್ತು. ಬಂದೂಕಿಲ್ಲ, ಬರೀ ಸ್ಕೋಪು. ಪಾರ್ಕಿಂಗಿನ ತುದಿಯಲ್ಲಿ ನಿಂತು ಪ್ರಸಾದ ಹಂಚುವ ಮೇಜಿನ ಕಡೆ ಹಿಡಿದೆ.

ಹಿಂದಿನಿಂದ ಕೆಮ್ಮು ಕೇಳಿಸಿತು. ಸ್ವಯಂಸೇವಕರ ಅಂಗಿ ತೊಟ್ಟ ಒಬ್ಬ ಸಾಫ್ಟ್‌ವೇರ್ ಯುವಕ. "ಅಂಕಲ್, ಏನ್ ನೋಡ್ತಿದ್ದೀರಾ?" ದನಿಯಲ್ಲಿ ವಿನಯವಿತ್ತು, ಕೈ ಮಾತ್ರ ಫೋನಿನ ಮೇಲಿತ್ತು.

ಬಂದೂಕು, ಟರ್ಕಿ, ಭಾವಮೈದ ಎಲ್ಲ ದೇವಸ್ಥಾನದಲ್ಲಿ ವಿವರಿಸುವುದು ಹೇಗೆ? "ಪುಳಿಯೋಗರೆ ಇನ್ನೂ ಇದೆಯಾ ಅಂತ ನೋಡ್ತಿದ್ದೆ ಕಣಪ್ಪ" ಅಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೊಡಿ ಇಲ್ಲಿ" ಎಂದು ಸ್ಕೋಪು ಕಸಿದುಕೊಂಡ. ಕಣ್ಣಿಗಿಟ್ಟ. ಮುಖ ಬದಲಾಯಿತು.

"ಅಂಕಲ್! ಪಾತ್ರೆ ತಳ ಕಾಣ್ತಿದೆ!"

ಅಂದವನೇ ಓಡಿದ. ಸ್ಕೋಪಿನ ಸಮೇತ. ನಾನು ಮಂಡಿ ಹಿಡಿದುಕೊಂಡು ತಲುಪುವ ಹೊತ್ತಿಗೆ ಕೊನೆಯ ದೊನ್ನೆ ಅವನ ಕೈಯಲ್ಲಿತ್ತು. ಸ್ಕೋಪು ಹಿಂದಿರುಗಿಸುತ್ತ, "ಕ್ಲ್ಯಾರಿಟಿ ಸೂಪರ್ ಅಂಕಲ್" ಅಂದ.

ಬಲಿ

ಆಯುಧಪೂಜೆಯ ದಿನ ನಮ್ಮ ಕಾರು, ಮಿಕ್ಸಿ, ಹುಲ್ಲು ಕತ್ತರಿಸುವ ಯಂತ್ರಕ್ಕೆಲ್ಲ ಹೂವಿಟ್ಟದ್ದನ್ನು ಯಜಮಾನರು ಬೇಲಿಯಾಚೆಯಿಂದ ನೋಡಿದ್ದರು. "ಆಯುಧ ಅಂತೀರಿ, ನಿಜವಾದ ಆಯುಧ ಇರೋದು ನನ್ನ ಹತ್ತಿರ. ನನ್ನದಕ್ಕೂ ಮಾಡಿ" ಎಂದು ದುಂಬಾಲು ಬಿದ್ದರು.

"ಜೀವ ತೆಗೆಯೋದಕ್ಕೆ ನಾನು ಕುಂಕುಮ ಹಚ್ಚೋದಾ?" ಅಂದಳು ನನ್ನಾಕೆ. ಆಮೇಲೆ ಅವರ ಮುಖ ನೋಡಿ ಕರಗಿದಳು. "ಮೊದಲನೇ ಏಟು ಕುಂಬಳಕಾಯಿಗೆ ಬೀಳ್ಬೇಕು. ನಮ್ಮಲ್ಲಿ ಬಲಿ ಅಂದ್ರೆ ಅದೇ. ಒಪ್ಪಿಗೆಯಾದ್ರೆ ಮಾಡ್ತೀನಿ." ಒಪ್ಪಿದರು.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಎಲ್ಲರೂ ಅವರ ಹೆಂಡತಿಯ ತವರಿನ ಹೊಲಮನೆಗೆ ಹೋದೆವು. ಭಾವಮೈದನೂ ಬಂದಿದ್ದ, ಬಿಳಿ ಅಂಗಿ ತೊಟ್ಟು, ಬಂದೂಕಿನ ಮೇಲೆಯೇ ಕಣ್ಣಿಟ್ಟು. ಹ್ಯಾಲೊವೀನ್ ಮುಗಿದು ಕೇಳುವವರಿಲ್ಲದ ದೊಡ್ಡ ಕುಂಬಳಕಾಯಿ ನಾವು ತಂದಿದ್ದೆವು. ನನ್ನಾಕೆ ಅದಕ್ಕೆ ತ್ರಿಕೋನದ ತೂತು ಕೊರೆದು, ಮೈಸೂರಿನಿಂದ ತರಿಸಿದ ಅರಿಸಿನದ ಕುಂಕುಮ ಒಂದು ಡಬ್ಬಿ ಪೂರ್ತಿ ಸುರಿದು, ಹೊಸ ಸ್ಕೋಪು ಬಿಗಿದ ಬಂದೂಕಿಗೆ ಸೇವಂತಿಗೆ ಏರಿಸಿ ಮಂಗಳಾರತಿ ಮಾಡಿದಳು. ಕಾಯಿಯನ್ನು ದೂರದ ಕಂಬದ ಮೇಲಿಟ್ಟು, ಅಂಗಳದಲ್ಲಿದ್ದವರೆಲ್ಲ ಯಜಮಾನರ ಹಿಂದೆ ಬಂದು ನಿಂತೆವು.

ಯಜಮಾನರು ಸ್ಕೋಪಿನಲ್ಲಿ ನೋಡಿದರು. "ಕಾಣ್ತಿದೆ" ಅಂದರು. "ತೊಟ್ಟು ಸಹಾ ಕಾಣ್ತಿದೆ."

ಢಮ್!

ಕಂಬದ ಮೇಲೆ ಕಾಯಿ ಇರಲಿಲ್ಲ, ಕೆಂಪು ಮೋಡ ಒಂದಿತ್ತು. ಗಾಳಿ ನಮ್ಮ ಕಡೆಗೇ ಇತ್ತು. ಮೋಡ ಬಂತು, ನಾವೆಲ್ಲ ಬಗ್ಗಿದೆವು. ಬಾಯಿ ತೆರೆದು ನಿಂತಿದ್ದ ಭಾವಮೈದ ಬಗ್ಗಲಿಲ್ಲ. ಅಡಿಗೆಮನೆಯಿಂದ ಓಡಿಬಂದ ಯಜಮಾನರ ಹೆಂಡತಿ, ತಲೆಯಿಂದ ಸೊಂಟದವರೆಗೆ ಕೆಂಪಾಗಿದ್ದ ತಮ್ಮನನ್ನು ನೋಡಿ, ಗಂಡನನ್ನು ನೋಡಿ, ನಿಟ್ಟುಸಿರು ಬಿಟ್ಟರು: "ಕೊನೆಗೂ ಹೊಡೆದೇಬಿಟ್ರಾ?"

ಸದ್ದಿಗೆ ಆ ಸೀಮೆಯ ಕೋಳಿಗಳೆಲ್ಲ ಊರು ಬಿಟ್ಟಿದ್ದವು. ಎರಡು ದಿನ ಕಾದರೂ ಒಂದು ರೆಕ್ಕೆ ಕಾಣಲಿಲ್ಲ. ಹಬ್ಬದ ದಿನ ಭಾವಮೈದ ಅಂಗಡಿಯ ಕೋಳಿ ಹಿಡಿದು ಬಂದ. ಇನ್ನೊಂದು ಕೈಯಲ್ಲಿ ಬಂದೂಕು ಒಯ್ಯಲು ಹೊಚ್ಚಹೊಸ ಉದ್ದನೆಯ ಖಾಲಿ ಚೀಲ. ಅವನ ಕಿವಿಗಳು ಇನ್ನೂ ಕೆಂಪಗಿದ್ದವು.

ಊಟದ ಕೊನೆಗೆ ಯಜಮಾನರು ತಾವೇ ಎದ್ದು ಹೋಗಿ, ಎರಡೂ ಕೈಯಲ್ಲಿ ಕುಂಬಳಕಾಯಿ ಕಡುಬಿನಂಥ, ಪೈ ಅನ್ನುವ ಇಲ್ಲಿಯ ಸಿಹಿತಿಂಡಿ ತಂದು ಮಧ್ಯದಲ್ಲಿಟ್ಟರು. ಸಿಡಿದ ಕಾಯಿಯ ಹೋಳುಗಳನ್ನು ಹೆಂಗಸರಿಬ್ಬರೂ ಅವತ್ತೇ ಆಯ್ದು ತೊಳೆದಿಟ್ಟುಕೊಂಡಿದ್ದರು. "ಇದು ನಾನು ಹೊಡೆದದ್ದು" ಅಂದರು ಯಜಮಾನರು.

"ಇದು ಆಗಲ್ಲ ಭಾವ! ಇದನ್ನ ಅಂಗಡಿಯಿಂದ ತಂದಿಲ್ಲ ಅನ್ನೋದಕ್ಕೆ ಏನು ಸಾಕ್ಷಿ?" ಎನ್ನುತ್ತ ಭಾವಮೈದ ದೊಡ್ಡ ತುಂಡನ್ನೇ ಬಾಯಿಗಿಟ್ಟ.

ಕಟಕ್.

ಅವನು ಕೆನ್ನೆ ಹಿಡಿದುಕೊಂಡು, ಬಾಯಿಂದ ಮೆಣಸಿನ ಕಾಳಿನಂಥ ಒಂದು ಚರೆ ತೆಗೆದು ತಟ್ಟೆಗೆ ಹಾಕಿದ. ಟಿಣ್ ಅಂತು.

ಬಂದೂಕು ಗೋಡೆಯ ಮೇಲೆಯೇ ಉಳಿಯಿತು. ಭಾವಮೈದ ಸಪ್ಪೆ ಮುಖ ಹಾಕಿಕೊಂಡು ತನ್ನ ಖಾಲಿ ಚೀಲ ಎತ್ತಿಕೊಂಡ. ಆದರೆ ನಮ್ಮವಳು ಬಿಟ್ಟಾಳೆಯೇ? ಹಬ್ಬದ ಮನೆಯಿಂದ ಯಾರ ಚೀಲವನ್ನೂ ಖಾಲಿ ಕಳಿಸಬಾರದು. ಓಡಿ ಹೋಗಿ, ಉಳಿದಿದ್ದ ಕುಂಬಳಕಾಯಿ ಹೋಳನ್ನೆಲ್ಲ ಬಂದೂಕಿನ ಚೀಲಕ್ಕೆ ತುಂಬಿ, ಅವನ ಹೆಗಲಿಗೇರಿಸಿ, ನನ್ನ ಕಡೆ ತಿರುಗಿ ಅಂದಳು:

"ರೀ, ಹಲ್ಲು ಜೋಪಾನ ಅನ್ನೋದನ್ನ ಇಂಗ್ಲಿಷಿನಲ್ಲಿ ಹೇಳ್ಬಿಡಿ ಪಾಪ."