ಅತ್ತೆಯೂ ಬಿಸಿ ಹಿಡಿಯುವ ಕಲ್ಲುಗಳೂ

ನಮ್ಮ ಸೋದರತ್ತೆ ಕಲ್ಲು ಬೇಯಿಸುತ್ತಾರೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ಒಂದು ಭಾನುವಾರ ಜೆ.ಪಿ. ನಗರದ ಅವರ ಮನೆಯ ಹಿತ್ತಿಲಿಗೆ ಬಂದು ನೋಡಿ. ನಗು ತಾನಾಗಿಯೇ ನಿಂತು, ನನ್ನ ಹಾಗೆ ನೀವೂ ಕೈಕಟ್ಟಿಕೊಂಡು ನಿಲ್ಲುತ್ತೀರಿ.

ಶುರುವಾಗಿದ್ದು ಮಹಡಿಯ ಬಾಡಿಗೆಯವರಿಂದ. ಮನೆ ಖಾಲಿ ಮಾಡುವಾಗ ಅವರೊಂದು ಗ್ಯಾಸ್ ಗ್ರಿಲ್ಲನ್ನು "ಇಟ್ಕೊಳಿ ಆಂಟಿ" ಎಂದು ಬಿಟ್ಟುಹೋದರು. ಕೆಳಗೆ ಉರಿ, ಮೇಲೆ ಕಂಬಿಯ ಜಾಲರಿ, ಅದರ ಮೇಲೊಂದು ದೊಡ್ಡ ಮುಚ್ಚಳ. ಮೊಟ್ಟೆಯನ್ನೂ ಒಳಗೆ ಬಿಡದ ಮನೆ ಅದು. ಬಾಡಿಗೆಯವರು ಅದರ ಮೇಲೆ ಏನೇನು ಸುಟ್ಟಿದ್ದರೋ ಎಂದು ಮಾವ ಗುಜರಿಯವನನ್ನು ಕರೆಯಲು ಹೊರಟರು. ಅತ್ತೆ ಬಿಡಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಇಡೀ ಮಧ್ಯಾಹ್ನ ಅದನ್ನು ಬರಿದೇ ಉರಿಸಿದರು. ಆಮೇಲೆ ಮಾವನ ಕಡೆ ತಿರುಗಿ ಹೇಳಿದರು:

"ಇವತ್ತಿಂದ ಇದಕ್ಕೂ ದೀಕ್ಷೆ ಆಯ್ತು ರೀ."

ಮೊದಲ ಬದನೆಕಾಯಿ ಹೊರಗೆ ಇದ್ದಿಲು, ಒಳಗೆ ಹಸಿ. ಬೇರೆಯವರಾಗಿದ್ದರೆ ಬದನೆಕಾಯಿಯನ್ನು ಬೈಯುತ್ತಿದ್ದರು. ಅತ್ತೆ ಬಗ್ಗಿ ಒಳಗೆ ಇಣುಕಿದರು. "ಉರಿ ನೇರವಾಗಿ ಹೊಡೀತಿದೆ ಕಣೋ. ಮಧ್ಯೆ ಬಿಸಿ ಹಿಡ್ಕೊಂಡು ನಿಧಾನಕ್ಕೆ ಕೊಡೋದು ಏನಾದ್ರೂ ಬೇಕು."

ಆ 'ಏನಾದರೂ' ಹುಡುಕಲು ಅವರು ದಕ್ಷಿಣ ಬೆಂಗಳೂರನ್ನೇ ಜಾಲಾಡಿದರು. ಮನೆ ಕಟ್ಟುವ ಕಡೆಯಿಂದ ಜಲ್ಲಿ ಬಂತು. ಒಡೆದ ಹೆಂಚು ಬಂತು, ಇಟ್ಟಿಗೆ ಚೂರು ಬಂತು. ಅಕ್ವೇರಿಯಂ ಅಂಗಡಿಯಲ್ಲಿ ತೂತುತೂತಾದ ಜ್ವಾಲಾಮುಖಿ ಕಲ್ಲನ್ನು ಕೈಯಲ್ಲಿ ತೂಗಿ, "ಇದು ಬಿಸಿ ಎಷ್ಟು ಹೊತ್ತು ಹಿಡ್ಕೊಳುತ್ತೆ?" ಎಂದು ಕೇಳಿದರು. ಅಂಗಡಿಯವನು ಗಾಬರಿಯಾಗಿ, "ಮೇಡಂ, ಮೀನು ಸಾಕೋಕೆ ತಾನೆ?" ಎಂದ.

ಬಿಸಿಯನ್ನು ಅಳೆಯುವುದು ಹೇಗೆ? ಅತ್ತೆಯದು ಅವರದೇ ಪದ್ಧತಿ. ಕಲ್ಲು ಕಾಯಿಸಿ, ಗ್ಯಾಸ್ ಆರಿಸಿ, ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುವರು. ಆಗಾಗ ಜಾಲರಿಯ ಮೇಲೆ ಅಂಗೈ ಹಿಡಿದು ನೋಡುವರು. ಕಲ್ಲು ತಣಿಯುವಷ್ಟರಲ್ಲಿ ಎಷ್ಟು ಅವರೆ ಸುಲಿದಿದೆಯೋ ಅಷ್ಟು ಅದರ ಯೋಗ್ಯತೆ. "ಜಲ್ಲಿ ಕಾಲು ಕೆಜಿ. ಹೆಂಚು ಅದಕ್ಕೂ ಕಡಿಮೆ." ಆ ಚಳಿಗಾಲವೆಲ್ಲ ಅವರ ಮನೆಯಲ್ಲಿ ಅವರೆಕಾಳಿನ ಹುಳಿಯೇ. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮಾವ ಒಮ್ಮೆ ಸಹಾಯ ಮಾಡಿದರು. ತಮ್ಮ ಗುಲಾಬಿ ಕುಂಡದಲ್ಲಿದ್ದ ನುಣುಪಾದ ಹೊಳೆಗಲ್ಲುಗಳನ್ನು ತಂದು ಜೋಡಿಸಿ, ಮುಚ್ಚಳ ಮುಚ್ಚಿ ಉರಿ ಹಚ್ಚಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಢಂ ಢಂ ಎಂದು ಸದ್ದು. ನಾವು ಬಾಗಿಲ ಹಿಂದೆ ಅವಿತೆವು. ಮುಚ್ಚಳ ಇದ್ದದ್ದು ನಮ್ಮ ಪುಣ್ಯ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಏನ್ರೀ, ಯಾವ ಪಾರ್ಟಿ ಗೆದ್ದಿದ್ದು?" ಎಂದು ಕೇಳಿದರು.

ಎಲ್ಲ ತಣ್ಣಗಾದ ಮೇಲೆ ಅತ್ತೆ ಚೂರುಗಳನ್ನು ಆರಿಸುತ್ತಾ ವಿವರಿಸಿದರು. "ಕಲ್ಲೊಳಗೆ ನೀರು ಸೇರ್ಕೊಂಡಿತ್ತು. ಆವಿಯಾಗಿ ಹೊರಗೆ ಬರೋಕೆ ದಾರಿ ಸಿಗ್ಲಿಲ್ಲ, ಸಿಡೀತು." ಮಾವನನ್ನೊಮ್ಮೆ ನೋಡಿ, "ಕೆಲವರೂ ಹಾಗೇ" ಎಂದರು.

ಜ್ವಾಲಾಮುಖಿ ಕಲ್ಲು ಹಲವು ತಿಂಗಳು ರಾಜ್ಯವಾಳಿತು. ಆದರೆ ಅದರ ತೂತುಗಳು ಎಣ್ಣೆ ಕುಡಿದು ಕಮಟು ವಾಸನೆ ಹೊಡೆಯತೊಡಗಿದವು. ಕೊನೆಗೆ ಗೆದ್ದದ್ದು ಗ್ರಿಲ್ಲಿಗೆಂದೇ ಮಾಡಿದ ಸೆರಾಮಿಕ್ ಬಿಲ್ಲೆಗಳು. ಅವನ್ನೂ ಅತ್ತೆ ಕಲ್ಲೆಂದೇ ಕರೆಯುವುದು. ಒಂದೇ ಪದರ, ನಡುವೆ ಗಾಳಿಗೆ ಸಂದು. ಒಂದರ ಮೇಲೊಂದು ಪೇರಿಸುವಂತಿಲ್ಲ, ನೀರು ತಾಗಿಸುವಂತಿಲ್ಲ. ಪ್ರತಿ ಭಾನುವಾರ ಒಂದೊಂದನ್ನೇ ಮಗುಚಿ, ಜಿಡ್ಡಾದ ಮುಖವನ್ನು ಉರಿಯ ಕಡೆ ಮಾಡುತ್ತಾರೆ. ಜಿಡ್ಡು ಉರಿದುಹೋಗುತ್ತದೆ. ಬೂದಿಯನ್ನು ಬ್ರಷ್ಷಿನಿಂದ ಗುಡಿಸುತ್ತಾರೆ. ಬಿರುಕು ಬಿಟ್ಟದ್ದನ್ನು ತೆಗೆದು ತುಳಸಿಕಟ್ಟೆಯ ಬಳಿ ಇಡುತ್ತಾರೆ.

"ನನ್ನ ಬಿಪಿ ಮಾತ್ರೆ ಮರೀತಾಳೆ. ಕಲ್ಲು ಮಗುಚೋದು ಮರೆಯಲ್ಲ" ಎಂಬುದು ಮಾವನ ದೂರು.

ಕಳೆದ ವರ್ಷ ನಮ್ಮ ಅಪ್ಪನಿಗೆ, ಅಂದರೆ ಅತ್ತೆಯ ಅಣ್ಣನಿಗೆ, ಪಾರ್ಶ್ವವಾಯು ಬಡಿಯಿತು. ನಡಿಗೆ ಮರಳಿತು. ಎಡಗೈಗೆ ಮಾತ್ರ ಮುಟ್ಟಿದ್ದೂ ತಿಳಿಯದು, ಸುಟ್ಟಿದ್ದೂ ತಿಳಿಯದು. ಅಪ್ಪ ತ್ಯಾಗರಾಜನಗರದ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದರು. ಊಟ ಮಾತ್ರೆ ನುಂಗಿದ ಹಾಗೆ. ಏನು ಬೇಕು ಎಂದರೆ ಏನೂ ಬೇಡ. ತಿಂಗಳುಗಳ ನಂತರ ಒಂದು ದಿನ ಅತ್ತೆ ಫೋನು ಮಾಡಿದಾಗ, "ಸುಟ್ಟ ಬದನೆಕಾಯಿ ಗೊಜ್ಜು ಮಾಡೋದಾದ್ರೆ ಬರ್ತೀನಿ" ಎಂದುಬಿಟ್ಟರು. ಪಕ್ಕದಲ್ಲಿದ್ದ ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು.

ಆ ಸಂಜೆ ಅತ್ತೆ ಮೊದಲು ಕಲ್ಲು ಕಾಯಿಸಿದರು, ನಮಗೆಲ್ಲ ಜೋಳ ಸುಟ್ಟುಕೊಟ್ಟರು, ಆಮೇಲೆ ಅಪ್ಪನ ಬದನೆಕಾಯಿ ಇಟ್ಟರು. ಇಟ್ಟಿದ್ದೇ ತಡ, ಉರಿ ಕುಗ್ಗಿ ಆರಿಹೋಯಿತು. ಗ್ರಿಲ್ಲಿನ ಸಿಲಿಂಡರ್ ಖಾಲಿ. ಬುಕ್ ಮಾಡಿದ್ದು ಇನ್ನೂ ಬಂದಿರಲಿಲ್ಲ. ಅಪ್ಪ ಆಗಲೇ ಊರುಗೋಲಿಗೆ ಕೈಹಾಕಿ, "ಇನ್ನೊಂದ್ಸಲ ಆಯ್ತು ಬಿಡು ಪುಟ್ಟಿ" ಎಂದರು. ಆ ಇನ್ನೊಂದು ಸಲ ಬರುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಮಾವ ಮುಚ್ಚಳಕ್ಕೆ ಕೈ ಹಾಕಿದರು. "ಒಳಗಡೆ ಸ್ಟೋವ್ ಮೇಲೆ ಸುಡೋಣ ಕಣೆ."

"ಮುಟ್ಟಬೇಡಿ" ಎಂದರು ಅತ್ತೆ. "ಗ್ಯಾಸ್ ಮುಗಿದಿರೋದು ಕಲ್ಲಿಗಿನ್ನೂ ಗೊತ್ತಿಲ್ಲ. ಅಣ್ಣ, ನೀನು ಕೂತ್ಕೋ."

ಅಪ್ಪ ಕೂತರು. ನಾವೂ ಕೂತೆವು. ಅತ್ತೆ ಕೊನೆಗೆ ಮುಚ್ಚಳ ತೆಗೆದಾಗ ಬದನೆಕಾಯಿಯ ಸಿಪ್ಪೆ ಸುಕ್ಕುಗಟ್ಟಿತ್ತು, ತೊಟ್ಟು ಹಿಡಿದೆತ್ತಿದರೆ ಮೆತ್ತಗೆ ಬಾಗಿತು. ಉರಿಯೇ ಇಲ್ಲದೆ ಬೆಂದಿತ್ತು. ನಾನು ಇಂಜಿನಿಯರಿಂಗ್ ಓದಿದವನು, ಕಾರಣ ಗೊತ್ತು. ಆದರೂ ಬಾಯಿ ತೆರೆದುಕೊಂಡೇ ನೋಡಿದೆ. ಅಪ್ಪ ಗೊಜ್ಜನ್ನು ಎರಡು ಸಲ ಬಡಿಸಿಕೊಂಡರು.

ಊಟವಾದ ಮೇಲೆ ಗಾಳಿ ತಣ್ಣಗೆ ಬೀಸತೊಡಗಿತು. ಅತ್ತೆ ಇಕ್ಕಳದಿಂದ ಅಂಚಿನ ಬಿಲ್ಲೆಯೊಂದನ್ನು ತೆಗೆದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತಮ್ಮ ಕೆನ್ನೆಗೆ ಒತ್ತಿ ನೋಡಿ, ಅಪ್ಪನ ಎಡ ಅಂಗೈಯಲ್ಲಿಟ್ಟರು. ಇಟ್ಟು ಎದ್ದುಹೋಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೂತು, ಅದರ ಮೇಲೆ ತಮ್ಮ ಕೈಯನ್ನೂ ಇಟ್ಟುಕೊಂಡರು.

"ನೀವ್ಯಾಕೆ ಹಿಡ್ಕೊಂಡಿದೀರಾ ಅತ್ತೆ?" ಎಂದೆ.

"ಬಿಸಿ ಜಾಸ್ತಿಯಾದ್ರೆ ಅವನಿಗೆ ಗೊತ್ತಾಗಲ್ಲ ಕಣೋ. ನನಗೆ ಗೊತ್ತಾಗುತ್ತೆ."

ನಾನು ತಟ್ಟೆಗಳನ್ನು ಒಳಗಿಟ್ಟು, ಕಾರನ್ನು ಗೇಟಿನ ಮುಂದೆ ತಂದು ನಿಲ್ಲಿಸಿ, ಅಪ್ಪನನ್ನು ಕರೆಯಲು ಬಂದೆ. ಅವರು ತಮ್ಮ ಕೈಯನ್ನೇ ನೋಡುತ್ತಿದ್ದರು.

"ಇನ್ನೂ ಬಿಸಿ ಇದೆಯೇನೆ?"

"ಇದೆ ಅಣ್ಣ. ಇನ್ನೂ ಇದೆ."

ನಾನು ಬಗ್ಗಿ, ಕಲ್ಲನ್ನು ಬಿಡಿಸಿಕೊಂಡೆ. ಅದು ಯಾವಾಗಲೋ ತಣ್ಣಗಾಗಿತ್ತು.