ಮೂರನೆಯ ಹಲೋ

ಮಟಮಟ ಮಧ್ಯಾಹ್ನ ಮಾಯಣ್ಣ ಮೋಟರ್ ಹಾಕಲು ತೋಟಕ್ಕೆ ಹೋದಾಗ, ತೆಂಗಿನ ಸಾಲಿನೊಳಗಿಂದ ಯಾರೋ "ಹಲೋ" ಎಂದರು. ಸುತ್ತ ನೋಡಿದ. ನರಪಿಳ್ಳೆಯೂ ಇಲ್ಲ. ಮತ್ತೆ "ಹಲೋ…" ಎಂದಿತು, ಬಾವಿಯೊಳಗಿಂದ ಬಂದಂತೆ ಸಣ್ಣಗೆ. ಆಮೇಲೆ ಸದ್ದೇ ಇಲ್ಲ.

ಮೂರು ಸಲ ಕೂಗಿದರೆ ಮನುಷ್ಯ, ಎರಡಕ್ಕೇ ನಿಲ್ಲಿಸಿದರೆ ದೆವ್ವ. ಓಗೊಟ್ಟವನು ರಕ್ತ ಕಾರಿ ಸಾಯುತ್ತಾನೆ. ದಬ್ಬೇಘಟ್ಟದ ಕಡೆ ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಮಾಯಣ್ಣ ಬಾಯಿ ಮುಚ್ಚಿಕೊಂಡು, ಪಂಚೆ ಎತ್ತಿ ಕಟ್ಟಿ ಊರಿಗೆ ಓಡಿದ. ಎರಡು ಗಂಟೆಗೆ ಕರೆಂಟು ಹೋಗುತ್ತದೆ, ಅಷ್ಟರಲ್ಲಿ ನೀರು ಬಿಡದಿದ್ದರೆ ಹೊಸದಾಗಿ ನೆಟ್ಟ ನಲವತ್ತು ಸಸಿ ಒಣಗುತ್ತವೆ. ಆದರೂ ಜೀವ ಮುಖ್ಯ ತಾನೇ?

ಹಾಲಿನ ಡೈರಿ ಮುಂದೆ ಕೂತಿದ್ದ ಗೆಳೆಯ ರವೀಂದ್ರ ನಕ್ಕುಬಿಟ್ಟ. "ದೆವ್ವ ಇಂಗ್ಲಿಷ್ ಮಾತಾಡ್ತದೇನ್ಲಾ? ಫೋನಲ್ಲಿ ಹಲೋ ಅಂದ್ರೆ 'ಹೇಳು' ಅಂತ. ಮೈಕಲ್ಲಿ ಅಂದ್ರೆ ಟೆಸ್ಟಿಂಗು. ಬಸ್ಸಲ್ಲಿ ಅಂದ್ರೆ ಜಗಳ!"

"ತೋಟದಲ್ಲಿ ಅಂದ್ರೆ?"

ರವೀಂದ್ರ ಚಪ್ಪಲಿ ಮೆಟ್ಟಿ ಎದ್ದ.

ಹಾಲಿನ ದುಡ್ಡಿಗೆ ಬಂದಿದ್ದ ಮಾಯಣ್ಣನ ಹೆಂಡತಿ ಹೊಂಬಾಳಮ್ಮ ಮೆಲ್ಲಗೆ ಹೇಳಿದಳು: "ಗುರುತಿಲ್ದೋರ್ನ ಕರೆಯೋಕೂ ಹಲೋ ಅಂತಾರೆ ಕಣ್ರೀ. ಅದಕ್ಕಿನ್ನೂ ನಿಮ್ ಹೆಸ್ರು ಗೊತ್ತಾಗಿಲ್ಲ, ಪುಣ್ಯ!"

ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ತೋಟಕ್ಕೆ ಬಂದರು. ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ.

"ಹಲೋ…"

ಮೂವರೂ ತುಟಿ ಕಚ್ಚಿ ನಿಂತರು.

"ಹಲೋ…"

ಮೂರನೆಯದಕ್ಕೆ ಕಾದರು. ಬರಲಿಲ್ಲ. ಮೇಲಿಂದ ಒಂದು ಟವಲ್ಲು ಬಂದು ಮಾಯಣ್ಣನ ಹೆಗಲ ಮೇಲೆ ಬಿತ್ತು. ಅವನು ಕಿಟಾರನೆ ಕಿರುಚಿ ತಲೆಯೆತ್ತಿದ. ಮರದ ತುದಿಯಲ್ಲಿ ಎರಡು ಕಾಲು!

ಕಾಯಿ ಕೀಳಲು ನಾಳೆ ಬರಬೇಕಿದ್ದ ಸಂಪಿಗೆ ಊರಿನ ಚಿಕ್ಕಹನುಮಯ್ಯ ಇವತ್ತೇ ಬಂದು ಹತ್ತಿದ್ದ. ಮರ ಹತ್ತುವ ಮೆಷಿನ್ನು ಸಿಕ್ಕಿಹಾಕಿಕೊಂಡಿತ್ತು. ಹಗ್ಗ ಹಾಕಿ ಇಳಿಸಿದರು.

"ಮೂರ್ನೇ ಸಲ ಕೂಗಕ್ಕೇನ್ಲಾ ರೋಗ ನಿಂಗೆ?" ಮಾಯಣ್ಣ ರೇಗಿದ.

ಚಿಕ್ಕಹನುಮಯ್ಯ ಅವನನ್ನೇ ನೋಡಿದ. "ಯಾಕ್ ಕೂಗ್ಲಣ್ಣ? ಎರಡ್ ಸಲ ಕೂಗೋ ಹೊತ್ಗೆ ನೀವೇ 'ಓ, ಬಂದೆ ಇರು' ಅಂದ್ರಲ್ಲ! ಆಗ್ಲೂ ಅಂದ್ರಿ, ಈಗ್ಲೂ ಅಂದ್ರಿ. ಇದೇ ದನಿ."

ಪಂಪ್‌ಮನೆಯ ದೀಪ ಆರಿತು. ಎರಡು ಗಂಟೆ. ರವೀಂದ್ರ ಮಾಯಣ್ಣನ ತೋಳು ಬಿಟ್ಟು ಹಿಂದೆ ಸರಿದ.

"ನಾನಲ್ಲ ಕಣೇ! ನಾನು ಬಾಯೇ ಬುಡ್ಲಿಲ್ಲ!" ಮಾಯಣ್ಣ ಹೆಂಡತಿಯ ಕಡೆ ತಿರುಗಿದ.

ಇಪ್ಪತ್ತೆಂಟು ವರ್ಷ ಅವನ ಜೊತೆ ಸಂಸಾರ ಮಾಡಿದ್ದ ಹೊಂಬಾಳಮ್ಮ ನಾಲ್ಕು ಹೆಜ್ಜೆ ಆಚೆ ನಿಂತು ಕೇಳಿದಳು:

"ಹಲೋ… ಯಾರಪ್ಪ ನೀನು?"