ಹೂವಿನ ಕೆಟಲಿಗೆ ಸಹಿ ಹಾಕಿದ ಮಹನೀಯರಿಗೆ

ಮಾನ್ಯರೇ,

ಅಲ್ಮಾಟಿಯಿಂದ ಕುಲ್ಯಾಶ್ ಮಾಡುವ ಅನಂತ ವಂದನೆಗಳು. ತಮ್ಮನ್ನು ಹೆಸರಿನಿಂದಲೇ ಸಂಬೋಧಿಸಬೇಕಿತ್ತು. ಆದರೆ ಕೆಟಲಿನ ತಳದಲ್ಲಿ ತಾವು ದಯಪಾಲಿಸಿರುವ ಚಿನ್ನದ ಬಣ್ಣದ ಸಹಿಯನ್ನು ನನ್ನ ಕನ್ನಡಕದಿಂದಲೂ ಓದಲಾಗಲಿಲ್ಲ, ಪಕ್ಕದ ಮನೆಯವರ ಕನ್ನಡಕದಿಂದಲೂ ಓದಲಾಗಲಿಲ್ಲ. ಆ ಸಹಿ ಇದ್ದುದರಿಂದಲೇ ಕೆಟಲಿನ ಬೆಲೆ ನನ್ನ ಎರಡು ತಿಂಗಳ ಪಿಂಚಣಿಯಷ್ಟಾಯಿತೆಂದು ತಿಳಿದ ಮೇಲಂತೂ ತಮ್ಮ ಮೇಲಿನ ಗೌರವ ಇಮ್ಮಡಿಸಿದೆ. ಟ್ರಾಮಿನಲ್ಲಿ ಇಪ್ಪತ್ತಾರು ವರ್ಷ ಟಿಕೆಟ್ ಹರಿದವಳು ನಾನು. ಒಂದಕ್ಕಾದರೂ ಸಹಿ ಹಾಕುವ ಬುದ್ಧಿ ಬರಲಿಲ್ಲ.

ಕೆಟಲನ್ನು ತಂದವಳು ನನ್ನ ಸೊಸೆ ಶೋಲ್ಪನ್, ಪರದೆ ಹೊಲಿದು ಕೂಡಿಟ್ಟ ಹಣದಲ್ಲಿ. ಮದುವೆಯಾಗಿ ವರ್ಷವಾದ ಮೇಲೆ ಅವಳ ತಂದೆತಾಯಿ ಮೊದಲ ಸಲ ಕಿಜಿಲೋರ್ದಾದಿಂದ ಬರುವವರಿದ್ದರು. ಮಗಳು ಚೆನ್ನಾಗಿದ್ದಾಳೆಂದು ಅವರ ಕಣ್ಣಿಗೆ ಕಾಣಬೇಕಿತ್ತು. ನಾನೋ, "ಇದು ನೀರು ಕಾಯ್ಸುತ್ತಾ, ಇಲ್ಲಾ ಬರೀ ಪೋಸ್ ಕೊಡುತ್ತಾ?" ಎಂದು ಮೂರು ವಾರ ಅವಳನ್ನು ಕಾಡಿದೆ.

ಬೀಗರ ಕಡೆಯಿಂದ ಹನ್ನೊಂದು ಮಂದಿ ಬಂದರು. ನಮ್ಮಲ್ಲಿ ಬಟ್ಟಲಿಗೆ ಅರ್ಧವೇ ಚಹಾ ಹಾಕುವುದು ಮರ್ಯಾದೆ. ತುಂಬಿಸಿಕೊಟ್ಟರೆ, ಬೇಗ ಕುಡಿದು ಹೊರಡಿ ಎಂದಂತೆ. ಆದ್ದರಿಂದ ಸೊಸೆಯಾದವಳು ಮತ್ತೆ ಮತ್ತೆ ಬಗ್ಗಿಸುತ್ತಲೇ ಇರಬೇಕು. ತಮ್ಮ ಕೆಟಲು ನಾಲ್ಕು ಬಟ್ಟಲಿಗೇ ಬರಿದಾಗಿ, ಮತ್ತೆ ಕಾಯಲು ಅಪಾರ ಸಮಯ ತೆಗೆದುಕೊಳ್ಳುತ್ತಿತ್ತು. ಮುಂದಿನ ಸಲ ಅದನ್ನು ದೊಡ್ಡದು ಮಾಡುವ ತೊಂದರೆ ತಮಗೆ ಬೇಡ. ಅತಿಥಿಗಳನ್ನೇ ಚಿಕ್ಕದಾಗಿ ವಿನ್ಯಾಸ ಮಾಡಿಕೊಟ್ಟರೆ ಸಾಕು.

ನಾಲ್ಕನೆಯ ಸಲ ಕುದಿಯುವಾಗ, ಹಬೆಗೆ ಮೂತಿಯ ಮೇಲೆ ಅಂಟಿಸಿದ್ದ ಹೂವಿನ ಒಂದು ಎಸಳು ಕಿತ್ತುಬಂದು, ಚಹಾದ ಜೊತೆ ಬೀಗರಾದ ಒರಜಾಲಿಯವರ ಬಟ್ಟಲಿಗೆ ಇಳಿಯಿತು. ಅವರು ಅದನ್ನು ಚಮಚದಲ್ಲಿ ಎತ್ತಿ ಹಿಡಿದು, "ಇದೇನು ಬೀಗಿತ್ತೀ, ಪಟ್ಟಣದ ಮಸಾಲೇನಾ?" ಎಂದರು.

ಅವರ ಹೆಂಡತಿ ನಗಲಿಲ್ಲ. ಮಗಳತ್ತ ತಿರುಗಿ, "ಎಷ್ಟು ಕೊಟ್ಟೆ ಇದಕ್ಕೆ? ಯಾರ ದುಡ್ಡಲ್ಲಿ ಈ ಶೋಕಿ? ಅತ್ತೆ ಮನೇಲಿ ಹೀಗಾ ಬಾಳೋದು?" ಎಂದರು. ಶೋಲ್ಪನ್‌ಳ ಕಿವಿ ಕೆಂಪಾಯಿತು. ಹನ್ನೊಂದು ಮಂದಿಯೂ ಅವಳನ್ನೇ ನೋಡುತ್ತಿದ್ದರು.

ನನಗೇನಾಯಿತೋ ಕಾಣೆ. "ಅವಳನ್ಯಾಕೆ ಗದರಿಸ್ತೀರಿ? ನಾನೇ ಹಠ ಮಾಡಿ ತರಿಸಿದ್ದು. ಬೇಡ ಅತ್ತೆ ಅಂತ ಬಡ್ಕೊಂಡ್ಲು, ಪಾಪ. ವಯಸ್ಸಾಗ್ತಾ ಹೂವು ಕಂಡ್ರೆ ಕೈ ನಿಲ್ಲಲ್ಲ ನಂಗೆ" ಎಂದುಬಿಟ್ಟೆ. ಬೀಗರು ತೊಡೆ ತಟ್ಟಿಕೊಂಡು ನಕ್ಕರು. "ನಮ್ಮನೆಯವಳೂ ಹೀಗೇ! ಹೋದ ವರ್ಷ ಹಾಡೋ ಗಡಿಯಾರ ತಂದಿದ್ಲು" ಎಂದರು. ಆಮೇಲೆ ಬೀಗಿತ್ತಿ ಆ ಮಾತನ್ನೇ ಎತ್ತಲಿಲ್ಲ.

ಅಡುಗೆಮನೆಯಲ್ಲಿ ಶೋಲ್ಪನ್ ಹಳೆಯ ಅಲ್ಯೂಮಿನಿಯಂ ಕೆಟಲನ್ನೂ ಪಕ್ಕದಲ್ಲಿ ಹಾಲನ್ನೂ ಗ್ಯಾಸಿನ ಮೇಲಿಟ್ಟು ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕತ್ತೆ ಸುಳ್ಳು ಹೇಳಿದ್ರಿ?"

"ಸುಮ್ನಿರು, ಹಾಲು ಉಕ್ಕುತ್ತೆ ನೋಡು."

ಅವಳು ಹಾಲು ನೋಡಲಿಲ್ಲ. ನನ್ನ ಭುಜಕ್ಕೆ ಹಣೆಯಿಟ್ಟಳು. ವರ್ಷವಿಡೀ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಅಷ್ಟು ಹತ್ತಿರ ನಿಂತಿದ್ದು ಅದೇ ಮೊದಲು. ಹಾಲು ಉಕ್ಕಿಯೇ ಉಕ್ಕಿತು.

ಎಸಳಿನ ಬಗ್ಗೆ ನಾನು ಬರೆದ ದೂರಿಗೆ ತಮ್ಮ ಕಚೇರಿಯವರು, ಇದು ಕಲಾಕೃತಿ, ಪದೇಪದೇ ಬಿಸಿ ಮಾಡಬಾರದು, ಎಂದು ಉತ್ತರಿಸಿದ್ದಾರೆ. ಹಾಗಾದರೆ ದಯವಿಟ್ಟು ತಾವೇ ಒಮ್ಮೆ ಬಂದು, ಬಿಸಿ ಮಾಡದೆ ಚಹಾ ಕುದಿಸುವ ವಿಧಾನವನ್ನು ತೋರಿಸಿಕೊಡಬೇಕಾಗಿ ಪ್ರಾರ್ಥನೆ. ಕೊಟ್ಟ ಬೆಲೆಗೆ ತಕ್ಕ ವಸ್ತುವೇ ಎಂದು ಕೇಳುವ ನೆರೆಹೊರೆಯವರಿಗೆ, ನೀರು ಕಾಯಿಸಲಂತೂ ಅಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಉಳಿದದ್ದು ನನಗೂ ಸೊಸೆಗೂ ಸೇರಿದ್ದು. ಅದರ ಮೇಲೆ ತಮ್ಮ ಸಹಿ ಇಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ಕುಲ್ಯಾಶ್

ವಿ.ಸೂ.: ಮೇಲಿನ ಮಹಡಿಯ ದಂತವೈದ್ಯರೂ ಇದೇ ಕೆಟಲು ಕೊಂಡು ಎರಡು ವರ್ಷವಾಯಿತು, ಬಹಳ ತೃಪ್ತಿಯಾಗಿದೆ ಎನ್ನುತ್ತಾರೆ. ಅವರು ಅದನ್ನು ಇನ್ನೂ ಡಬ್ಬದಿಂದ ಹೊರಗೆ ತೆಗೆದಿಲ್ಲ. ಪ್ರಶಂಸಾಪತ್ರ ಬೇಕಿದ್ದರೆ ಅವರನ್ನು ಕೇಳಬಹುದು.